ಹೊಳೆ ದಾಟಿದ ಕೈ

ನಮ್ಮೂರಿಗೂ ಆಚೆ ದಡದ ಊರಿಗೂ ಜಗಳ ಬಂದಾಗ ಎರಡೂ ಕಡೆಯಿಂದ ಒಬ್ಬೊಬ್ಬರು ಪರದೆಯ ಮುಂದೆ ಕೂತು ಅದರೊಳಗಿನ ವಿಮಾನ ಹಾರಿಸಿ ಕಾದಾಡುತ್ತಾರೆ. ವಿಮಾನ ಬಿದ್ದವರು ಹೊಳೆ ದಾಟಿ ಗೆದ್ದವರ ಊರಿಗೆ ಸೇರುತ್ತಾರೆ. ನನ್ನ ಗಂಡ ಚನ್ನವೀರ ಹಾಗೆ ದಾಟಿ ಹೋದಾಗ ನಮ್ಮ ಮಗಳು ಮುಕ್ತಾಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ಅವರು ಸೇತುವೆಯ ಮೇಲೆ ನಡೆದು ಹೋಗುವುದನ್ನು ಅವಳು ನನ್ನ ಸೆರಗು ಹಿಡಿದು ನೋಡಿದಳು. ಅಪ್ಪ ಯಾವಾಗ ಬರುತ್ತಾರೆ ಎಂದು ಕೇಳಲಿಲ್ಲ. ನಮ್ಮೂರ ಮಕ್ಕಳು ಅದನ್ನು ಕೇಳುವುದಿಲ್ಲ.

ದಾಟಿದವರನ್ನು ಅಲ್ಲಿ ಯಾರೂ ಕಟ್ಟಿಹಾಕುವುದಿಲ್ಲ. ಮನೆ ಕೊಡುತ್ತಾರೆ, ಕೆಲಸ ಕೊಡುತ್ತಾರೆ, ಮದುವೆ ನಾಮಕರಣಗಳಿಗೆ ಕರೆಯುತ್ತಾರೆ. ಮತ್ತೆ ಸೇತುವೆಯ ಮೇಲೆ ಕಾಲಿಡುವಂತಿಲ್ಲ, ಅಷ್ಟೇ. ನಮ್ಮ ಬೀದಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿರುವವರು ಆಚೆಯಿಂದ ಬಿದ್ದು ಬಂದವರೇ. ಬಂದ ಹೊಸದರಲ್ಲಿ ಊಟಕ್ಕೆ ಕರೆದರೆ ತಲೆ ತಗ್ಗಿಸುತ್ತಿದ್ದರು. ಈಗ ಬೀದಿಯ ಜಗಳಗಳಿಗೆಲ್ಲ ಅವರೇ ಮುಂದು. ನಮ್ಮಲ್ಲಿ ಹೆಣ್ಣು ಕೊಡುವವರು ಹುಡುಗ ಪೈಲಟ್ ಹೌದೋ ಅಲ್ಲವೋ ಎಂದು ಮೊದಲು ವಿಚಾರಿಸುತ್ತಾರೆ. ನನ್ನ ಅಪ್ಪನೂ ವಿಚಾರಿಸಿದ್ದರು. ಹೌದು ಎಂದು ತಿಳಿದ ಮೇಲೂ ಕೊಟ್ಟರು, ಯಾಕೆಂದರೆ ನಾನು ಹಟ ಹಿಡಿದಿದ್ದೆ.

ಚನ್ನವೀರ ಬಿದ್ದ ದಿನ ಎಡಗೈಯ ಥ್ರಾಟಲ್ ಅರ್ಧದಲ್ಲಿ ಕಚ್ಚಿಕೊಂಡಿತ್ತು. ವೇಗ ಹೆಚ್ಚಿಸಲು ಮುಂದಕ್ಕೆ ತಳ್ಳಿದರೆ ಅದು ಹೋಗಲಿಲ್ಲ. ಎದ್ದು ಬಂದ ಮೇಲೆ ಅವರು ನನಗೆ ಹೇಳಿದ್ದು ಅದೊಂದೇ ಮಾತು, ಅದೂ ದೂರಿನ ದನಿಯಲ್ಲಲ್ಲ. ಅವರು ಹೋದ ಮೇಲೆ ನಾನು ಪರದೆಗಳಿರುವ ಹಾರಾಟದ ಮನೆಗೆ ಹೋಗಿ, ವಿಮಾನ ತಿರುಗಿಸುವ ಸ್ಟಿಕ್ಕು, ಥ್ರಾಟಲ್‌ಗಳನ್ನು ಪರೀಕ್ಷೆ ಮಾಡುವ ಕೆಲಸ ಕೇಳಿದೆ. ಗಂಡನನ್ನು ಕಳೆದುಕೊಂಡವಳು ಎಂದು ಕರುಣೆಯಿಂದ ಕೊಟ್ಟರು. ಆಮೇಲೆ ನನ್ನ ಮಾತನ್ನು ನಂಬತೊಡಗಿದರು.

ಈ ವರ್ಷ ಬೇಸಿಗೆಯಲ್ಲಿ ಹೊಳೆಯ ನಡುಗಡ್ಡೆಯ ಬಗ್ಗೆ ಜಗಳ ಬಂತು. ನೀರು ಇಳಿದ ಮೇಲೆ ಅಲ್ಲಿ ಕಲ್ಲಂಗಡಿ ಬೆಳೆಯುತ್ತಾರೆ. ಯಾರು ಬೆಳೆಯಬೇಕೆಂಬುದು ಮಾತಿನಲ್ಲಿ ತೀರಲಿಲ್ಲ. ನಮ್ಮ ಕಡೆಯಿಂದ ಮುಕ್ತಾಳ ಹೆಸರು ಹಾಕಿದರು. ಅವಳಷ್ಟು ಚುರುಕಾಗಿ ಹಾರಿಸುವವರು ಆಗ ಯಾರೂ ಇರಲಿಲ್ಲ. ವಾರದೊಳಗೆ ಆಚೆಯಿಂದಲೂ ಹೆಸರು ಬಂತು. ಚನ್ನವೀರ.

ಹಾರಾಟದ ಮನೆಯ ಹಿರಿಯರು ಹಾಲಪ್ಪನವರು. ಅವರೇ ಮನೆಗೆ ಬಂದು ಸುದ್ದಿ ಹೇಳಿದರು. ಮುಕ್ತಾ ಗೆದ್ದರೆ ಅವಳ ಅಪ್ಪ ನಮ್ಮ ದಡಕ್ಕೆ ಬರುತ್ತಾರೆ. ಸೋತರೆ ಅವಳು ಅಪ್ಪನ ದಡಕ್ಕೆ ಹೋಗುತ್ತಾಳೆ, ನಾನು ಇಲ್ಲಿ ಉಳಿಯುತ್ತೇನೆ. ಅಲ್ಲಿ ಅವರು ನೀಲವ್ವ ಎಂಬವಳನ್ನು ಮದುವೆಯಾಗಿದ್ದಾರೆಂದು ಸೇತುವೆ ಸಂತೆಯವರು ಬಹಳ ಹಿಂದೆಯೇ ಹೇಳಿದ್ದರು. ಸೇತುವೆಯ ನಡುವೆ ಎರಡೂ ಊರಿನವರು ಸೇರುವ ಸಂತೆ ಅದು. ಆ ಸುದ್ದಿ ಕೇಳಿದ ದಿನ ನಾನು ತೂಗಿಸಿದ ಈರುಳ್ಳಿಯನ್ನು ಅಲ್ಲೇ ಮರೆತು ಬಂದಿದ್ದೆ. ಆಮೇಲೆ ಆ ಸುದ್ದಿಯೂ ರೂಢಿಯಾಯಿತು.

ಎರಡೂ ಕಡೆಯವರು ಒಂದೇ ಬಗೆಯ ಸ್ಟಿಕ್ಕು, ಒಂದೇ ಬಗೆಯ ಥ್ರಾಟಲ್ ಹಿಡಿಯಬೇಕು ಎಂಬುದು ಒಪ್ಪಂದ. ಆರಿಸುವ ಸರದಿ ಈ ಸಲ ನಮ್ಮದಾಗಿತ್ತು. ಅಂದರೆ ನನ್ನದು. ಎರಡು ಹೊಸ ಸೆಟ್ಟುಗಳು ಬಂದಿದ್ದವು.

ಮೊದಲನೆಯದು ಕಬ್ಬಿಣದ್ದು. ಎತ್ತಿಡಲು ಇಬ್ಬರು ಬೇಕು. ನಿಜದ ಯುದ್ಧವಿಮಾನದ ಸ್ಟಿಕ್ಕನ್ನು ನೋಡಿಕೊಂಡೇ ಮಾಡಿದ್ದು ಎಂದು ತಂದವರು ಹೇಳಿದರು. ಅಂಚುಗಳಲ್ಲಿ ಬಣ್ಣ ಸವೆದಂತೆ ಬೇಕೆಂದೇ ಕೆರೆದಿದ್ದರು. ಮುಟ್ಟಿದರೆ ತಣ್ಣಗೆ, ಗುಂಡಿಗಳು ಒರಟು ಒರಟಾಗಿ ಬೆರಳಿಗೆ ಸಿಗುವಂತೆ. ಎರಡನೆಯದು ನೋಡಲು ಸಪ್ಪೆ. ಅದರ ಸ್ಟಿಕ್ಕು ನೆಟ್ಟ ಗೂಟದ ಹಾಗೆ ನಿಂತಿರುತ್ತದೆ, ಅಕ್ಕಿಕಾಳಿನಷ್ಟೂ ಅಲುಗುವುದಿಲ್ಲ. ಕೈ ಎಷ್ಟು ಒತ್ತುತ್ತದೆ ಎಂಬುದನ್ನು ಅಳೆದು ವಿಮಾನವನ್ನು ಅಷ್ಟು ತಿರುಗಿಸುತ್ತದೆ. ನಿಜದಲ್ಲೂ ಕೆಲವು ವಿಮಾನಗಳು ಹಾಗೇ ಇರುತ್ತವಂತೆ. ನಮ್ಮೂರವರು ನಿಜದ ವಿಮಾನವನ್ನು ಕಂಡದ್ದು ಆಕಾಶದಲ್ಲೊಂದು ಬಿಳಿ ಗೆರೆಯಾಗಿ ಮಾತ್ರ. ಆದ್ದರಿಂದ ಎಲ್ಲರಿಗೂ ಕಬ್ಬಿಣದ್ದೇ ನಿಜ ಎನ್ನಿಸಿತು. ಹಾರಾಟದ ಮನೆಗೆ ಬಂದವರೆಲ್ಲ ಅದನ್ನು ಒಮ್ಮೆ ಹಿಡಿದು ನೋಡಿ ಹೋಗುತ್ತಿದ್ದರು.

ನಾನು ಎರಡನ್ನೂ ಬೆಳಗಿನಿಂದ ಸಂಜೆಯವರೆಗೆ ಕೂತು ನೋಡಿದೆ. ಕಣ್ಣು ಮುಚ್ಚಿ ಹಿಡಿದು, ಬಿಟ್ಟು, ನಡುವಿಗೆ ಬಂದು ನಿಲ್ಲುತ್ತದೆಯೇ ಎಂದು ನೋಡುವುದು. ಬಿಸಿಯಾದ ಮೇಲೆ ನಡು ಸರಿಯುತ್ತದೆಯೇ ಎಂದು ನೋಡುವುದು. ಅಂಗೈ ಒದ್ದೆ ಮಾಡಿಕೊಂಡು ಹಿಡಿಯುವುದು, ಹೆದರಿದವರ ಕೈ ಬೆವರುತ್ತದೆ. ಥ್ರಾಟಲ್ಲನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ, ಎಲ್ಲಿಯಾದರೂ ಕಚ್ಚುತ್ತದೆಯೇ ಎಂದು ತೋಳು ಸೋಲುವವರೆಗೆ ಎಳೆಯುವುದು. ಅದನ್ನು ಮಾತ್ರ ನಾನು ಬೇರೆಯವರಿಂದ ಮಾಡಿಸುವುದಿಲ್ಲ.

ಕಬ್ಬಿಣದ ಸ್ಟಿಕ್ಕಿನ ನಡುವಿನಲ್ಲಿ ಒಂದು ಸಣ್ಣ ತಟಕು ಇತ್ತು, ತಡೆದು ಬಿಟ್ಟ ಹಾಗೆ. ಎಡದಿಂದ ಬಲಕ್ಕೆ ದಾಟುವಾಗ ಬೆರಳಿಗೆ ತಗಲುವಷ್ಟು. ದೊಡ್ಡ ತಿರುವುಗಳಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಎದುರಿನ ವಿಮಾನವನ್ನು ಗುರಿಯ ಉಂಗುರದೊಳಗೆ ಇಟ್ಟುಕೊಳ್ಳುವಾಗ ಕೈ ನಡುವಿನ ಆಚೆ ಈಚೆಯೇ ಆಡುತ್ತಿರುತ್ತದೆ, ಆಗ ಪ್ರತಿ ತಟಕಿಗೂ ವಿಮಾನದ ಮೂಗು ಹಾರುತ್ತದೆ. ಆಗ ಬಿದ್ದವರು ತಮ್ಮ ಕೈಯಿಂದ ಬಿದ್ದರೋ ತಟಕಿನಿಂದ ಬಿದ್ದರೋ ಹೇಳಲಾಗುವುದಿಲ್ಲ. ಒತ್ತುವ ಸ್ಟಿಕ್ಕಿನಲ್ಲಿ ಆ ದೋಷವಿರಲಿಲ್ಲ. ಅದರ ಥ್ರಾಟಲ್ ಕೂಡ ಬೆಣ್ಣೆಯಂತೆ ಸರಿಯುತ್ತಿತ್ತು.

ಆದರೆ ನನಗೆ ಎರಡು ಕೈಗಳ ಪರಿಚಯವಿತ್ತು. ಮುಕ್ತಾ ಬಿಗಿಯಾಗಿ ಹಿಡಿಯುವವಳು. ಸಣ್ಣವಳಿದ್ದಾಗ ಪೆನ್ಸಿಲ್ಲನ್ನೂ ಹಾಗೇ ಹಿಡಿದು ಹಾಳೆ ಹರಿಯುತ್ತಿದ್ದಳು. ಹಾಗೆ ಹಿಡಿಯುವವರಿಗೆ ಕಬ್ಬಿಣದ ಸ್ಟಿಕ್ಕು ಒಳ್ಳೆಯದು, ಅದರ ಭಾರವೇ ಕೈಯ ನಡುಕವನ್ನು ತಿಂದುಹಾಕುತ್ತದೆ. ಒತ್ತುವ ಸ್ಟಿಕ್ಕು ಏನನ್ನೂ ಮುಚ್ಚಿಡುವುದಿಲ್ಲ. ಚನ್ನವೀರ ಹಿಡಿಯುತ್ತಿದ್ದದ್ದು ಬೆರಳ ತುದಿಯಲ್ಲಿ. ಮಲಗಿದ ಮಗುವಿನ ಮುಖದಿಂದ ನೊಣ ಓಡಿಸುವಂತೆ ಅವರ ಕೈ ಆಡುತ್ತಿತ್ತು. ಒತ್ತುವ ಸ್ಟಿಕ್ಕು ಅಂಥ ಕೈಗೇ ಮಾಡಿಸಿದಂತಿತ್ತು.

ಹಾಲಪ್ಪನವರು ತೀರ್ಮಾನ ಕೇಳಲು ಬಂದಾಗ ಬಾಗಿಲು ಹಾಕಿಕೊಂಡು ಕೂತರು. ಕಬ್ಬಿಣದ್ದು ನೋಡಿದರೆ ವಿಮಾನದ್ದೇ ಅನ್ನಿಸುತ್ತದೆ, ಊರಿಗೆಲ್ಲ ಅದೇ ಇಷ್ಟ ಎಂದರು. ನಾನು ತಟಕಿನ ವಿಷಯ ಹೇಳಿದೆ. ಅವರ ಕೈಯಲ್ಲೇ ಸ್ಟಿಕ್ಕು ಹಿಡಿಸಿ ತೋರಿಸಿದೆ. ಅವರಿಗೂ ಗೊತ್ತಾಯಿತು. ಮೆಲ್ಲಗೆ ಹೇಳಿದರು: "ದಾಕ್ಷಾಯಣಮ್ಮ, ಮುಕ್ತಾ ಕೈ ಎಂಥದ್ದು ಅಂತ ನಾನೂ ನೋಡಿದ್ದೀನಿ. ನೀವು ಕಬ್ಬಿಣದ್ದೇ ಇರಲಿ ಅಂದ್ರೆ ಯಾರೂ ಒಂದು ಮಾತು ಆಡಲ್ಲ. ನಾನಂತೂ ಆಡಲ್ಲ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಎರಡೂ ಸೆಟ್ಟುಗಳು ಮೇಜಿನ ಮೇಲಿದ್ದವು. ಕಬ್ಬಿಣದ್ದು ಎಂದು ಒಂದು ಮಾತು ಹೇಳಿದರೆ ಮಗಳು ಉಳಿಯುತ್ತಿದ್ದಳು, ಗಂಡನೂ ಬರುತ್ತಿದ್ದರು. ಅರ್ಧದಲ್ಲಿ ಕಚ್ಚಿಕೊಂಡ ಆ ಥ್ರಾಟಲ್ಲನ್ನೂ ಯಾರೋ ಒಬ್ಬರು ಹೀಗೇ ಕೂತು, ಪರವಾಗಿಲ್ಲ ಎಂದು ಹೇಳಿರಬೇಕು.

"ಒತ್ತೋದೇ ಇರಲಿ," ಎಂದೆ. "ಬಿದ್ದವರ ಜೀವನ ಪೂರ್ತಿ ಆಚೆಗೆ ಹೋಗುತ್ತೆ. ಅದು ಕಬ್ಬಿಣದ ತಪ್ಪಿಂದ ಆಗಬಾರದು."

ಮುಕ್ತಾಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅವಳು ಊಟ ಮಾಡುತ್ತಿದ್ದಳು. ಕೇಳಿಸಿಕೊಂಡು, ತಟ್ಟೆಯಲ್ಲಿದ್ದದ್ದನ್ನು ಮುಗಿಸಿ, ಕೈ ತೊಳೆದು ಬಂದು ಎದುರು ಕೂತಳು. ನನ್ನ ಮೇಲೆ ಸಿಟ್ಟಾಗುತ್ತಾಳೆಂದು ಕಾದೆ. ಆಗಲಿಲ್ಲ. ತಾನೂ ಎರಡನ್ನೂ ಹಿಡಿದು ನೋಡಿದ್ದಾಗಿ, ಒತ್ತುವುದೇ ಒಳ್ಳೆಯದೆಂದು ತನಗೂ ಗೊತ್ತಿದ್ದುದಾಗಿ ಹೇಳಿದಳು. ಅವಳ ಸಂಕಟ ಬೇರೆಯೇ ಇತ್ತು.

"ಗೆದ್ರೆ ಆ ಮನೆಯಿಂದ ಅಪ್ಪನ್ನ ಕಿತ್ಕೊಂಡು ಬಂದ ಹಾಗೆ. ಸೋತ್ರೆ ನಿನ್ನ ಒಬ್ಬಳನ್ನೇ ಬಿಟ್ಟು ಹೋದ ಹಾಗೆ. ನಾನು ಯಾವುದಕ್ಕೆ ಅಂತ ಕೂತ್ಕೊಳ್ಳಲಿ ಅವ್ವ?"

ಎರಡನ್ನೂ ಯೋಚಿಸುತ್ತಾ ಕೂತರೆ ಕೈ ಬಿಗಿಯಾಗುತ್ತದೆ ಎಂದಷ್ಟೇ ಹೇಳಿದೆ. ಮರುದಿನ ಬೆಳಿಗ್ಗೆ ಅವಳ ಕೈಗೆ ರಂಗೋಲಿ ಡಬ್ಬಿ ಕೊಟ್ಟು ಹೊಸ್ತಿಲ ಮುಂದೆ ಕೂರಿಸಿದೆ. ರಂಗೋಲಿ ಎಳೆಯುವುದು ಅವಳಿಗೆ ಬರುತ್ತಿರಲಿಲ್ಲ, ಎಂದೂ ಮನಸ್ಸು ಕೊಟ್ಟವಳಲ್ಲ. ಬೆರಳು ಬಿಗಿದರೆ ಪುಡಿ ನಿಲ್ಲುತ್ತದೆ, ಗೆರೆ ತುಂಡಾಗುತ್ತದೆ. ಪೂರ್ತಿ ಬಿಟ್ಟರೆ ಗುಪ್ಪೆಯಾಗಿ ಸುರಿಯುತ್ತದೆ. ಮೊದಲ ದಿನ ನಮ್ಮ ಬಾಗಿಲಲ್ಲಿ ಕೋಳಿ ಕೆದರಿದಂತಿತ್ತು. ಬೀದಿಯವರು ನೋಡಿಕೊಂಡು ಹೋದರು, ನಗಲಿಲ್ಲ. ಯಾತಕ್ಕೆಂದು ಎಲ್ಲರಿಗೂ ಗೊತ್ತಿತ್ತು. ಬರಬರುತ್ತಾ ಗೆರೆ ತೆಳ್ಳಗಾಯಿತು. ಒಂದು ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅಂಗಳದ ಈ ತುದಿಯಿಂದ ಆ ತುದಿಗೆ ನೂಲಿನಂಥ ಒಂದೇ ಗೆರೆ ಎಳೆದು, ಅದನ್ನೇ ನೋಡುತ್ತಾ ನಿಂತಿದ್ದಳು. ಮಗುವಾಗಿದ್ದಾಗ ಅಪ್ಪ ತನ್ನನ್ನು ಹೇಗೆ ಎತ್ತಿಕೊಳ್ಳುತ್ತಿದ್ದರು ಎಂದು ಆ ದಿನ ಕೇಳಿದಳು. ಒಂದೇ ಕೈಯಲ್ಲಿ ಎಂದೆ.

ಹಾರುವ ದಿನ ಹಾರಾಟದ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ಸದ್ದಿಲ್ಲ. ಅಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಹೆಸರು ಹಿಡಿದು ಕೂಗುವುದಿಲ್ಲ. ಪರೀಕ್ಷೆ ಮಾಡಿದವರು ಪೈಲಟ್ಟಿನ ಹಿಂದೆ ಕೂರಬೇಕು, ಸ್ಟಿಕ್ಕು ಥ್ರಾಟಲ್ ಕೆಟ್ಟರೆ ಕೈ ಎತ್ತಿ ನಿಲ್ಲಿಸಬೇಕು. ಹಾಗಾಗಿ ನಾನು ಮಗಳ ಬೆನ್ನ ಹಿಂದೆಯೇ ಇದ್ದೆ. ಪರದೆಯನ್ನು ನೋಡಲಿಲ್ಲ. ಅವಳ ಬಲಗೈಯನ್ನೇ ನೋಡಿದೆ.

ಮೊದಲ ತಿರುವುಗಳಲ್ಲಿ ಗೆಣ್ಣುಗಳು ಬಿಳಿಚಿಕೊಂಡವು. ಆಮೇಲೆ ಅವಳು ಒಂದು ಉಸಿರು ಬಿಟ್ಟಳು, ಬೆರಳುಗಳು ಒಂದೊಂದಾಗಿ ಸಡಿಲವಾಗಿ ಬಣ್ಣ ಮರಳಿ ಬಂತು. ಎಡಗೈಯಲ್ಲಿ ಥ್ರಾಟಲ್ ಹಿಂದಕ್ಕೆ ಬಂತು, ಮತ್ತೆ ಮುಂದಕ್ಕೆ ಹೋಯಿತು, ಎಲ್ಲೂ ಕಚ್ಚಲಿಲ್ಲ. ಆಗ ಒಮ್ಮೆ ತಲೆ ಎತ್ತಿ ಪರದೆ ನೋಡಿದೆ. ಆಚೆ ದಡದಲ್ಲಿ ಕೂತು ಚನ್ನವೀರ ಹಾರಿಸುತ್ತಿದ್ದ ಎದುರಿನ ವಿಮಾನ ತಿರುವಿನಿಂದ ಹೊರಬರುತ್ತಿತ್ತು, ಅದರ ಮೂಗು ನಡುಗುತ್ತಿತ್ತು. ಅವರ ವಿಮಾನ ಹಾಗೆ ನಡುಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಬೇಕೆಂದೇ ಮಾಡುತ್ತಿದ್ದಾರೆ ಎನ್ನಿಸಿತು. ಮಗಳಿಗಾಗಿ ಬಿಟ್ಟುಕೊಡುತ್ತಿದ್ದಾರೆ ಎಂದುಕೊಂಡೆ. ಇನ್ನೊಂದು ತಿರುವಿನಲ್ಲಿ ಮುಕ್ತಾಳ ತೋರುಬೆರಳು ಗುಂಡು ಹಾರಿಸುವ ಗುಂಡಿಯ ಮೇಲೆ ಮಡಚಿತು. ಎದುರಿನ ವಿಮಾನ ಬಿತ್ತು, ಎಲ್ಲ ಮುಗಿಯಿತು. ಜನ ಮೆಲ್ಲಗೆ ಹೊರಗೆ ಹೋದರು. ಮುಕ್ತಾ ಎಷ್ಟೋ ಹೊತ್ತು ಸ್ಟಿಕ್ಕಿನಿಂದ ಕೈ ತೆಗೆಯಲಿಲ್ಲ. ನಾನೇ ಬಿಡಿಸಿದೆ.

ಅವರು ಮರುದಿನ ಸೇತುವೆ ದಾಟಿ ಬಂದರು. ಗಡ್ಡ ನೆರೆತಿತ್ತು, ನಡಿಗೆ ಬದಲಾಗಿತ್ತು, ಮೈ ಒಂದು ಕಡೆಗೆ ವಾಲಿಸಿಕೊಂಡು ನಡೆಯುತ್ತಿದ್ದರು. ಹೋದಾಗಿನ ಟ್ರಂಕಿರಲಿಲ್ಲ, ಕೈಯಲ್ಲಿ ಒಂದು ಬಟ್ಟೆಯ ಗಂಟು. ಮುಕ್ತಾ ಕಾಲಿಗೆ ನಮಸ್ಕಾರ ಮಾಡಿದಳು. ಅವರು ಅವಳ ತಲೆಯ ಮೇಲೆ ಕೈ ಇಡಲು ಹೋಗಿ, ಅಳುಕಿ, ಆಮೇಲೆ ಇಟ್ಟರು. ಚೆನ್ನಾಗಿ ಹಿಡಿದೆಯಮ್ಮ ಎಂದರು. ನನ್ನ ಕಡೆ ತಿರುಗಿ, ಹೇಗಿದ್ದೀಯ ಎಂದು ಕೇಳಿದರು. ಚೆನ್ನಾಗಿದ್ದೀನಿ ಎಂದೆ. ಮೂವರೂ ಮನೆಗೆ ನಡೆದು ಬಂದೆವು.

ಮನೆಯಲ್ಲಿ ಅವರು ನೆಂಟರ ಹಾಗೆ ಇದ್ದರು. ನೀರು ಬೇಕಾದರೆ ಕೇಳಿ ಕುಡಿಯುತ್ತಿದ್ದರು. ಊಟವಾದ ಮೇಲೆ ತಮ್ಮ ತಟ್ಟೆಯನ್ನು ತಾವೇ ತೊಳೆದಿಡುತ್ತಿದ್ದರು, ಅದು ಈ ಮನೆಯಲ್ಲಿ ಕಲಿತದ್ದಲ್ಲ. ಹೊಳೆಯ ಕಡೆಗಿನ ಕಿಟಕಿಯ ಬಳಿ ಕೂರುತ್ತಿರಲಿಲ್ಲ. ಬೇಕೆಂದೇ ಬೆನ್ನು ಹಾಕಿ ಕೂರುತ್ತಿದ್ದರು. ನೀಲವ್ವನ ಹೆಸರನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಹೊಳೆ ದಾಟಿ ಬಂದವರ ಮನೆಗಳಲ್ಲಿ ಹೀಗೇ ಇರುತ್ತದೆ, ಸ್ವಲ್ಪ ದಿನ ತಡೆ ಎಂದು ಗಿರಣಿಯವರ ಹೆಂಡತಿ ನನಗೆ ಹೇಳಿದಳು.

ಊರಿನಲ್ಲಿ ಮಾತು ಹುಟ್ಟಿತು. ಮಗಳ ಮೇಲಿನ ಪ್ರೀತಿಗೆ ಅಪ್ಪ ತಾನಾಗೇ ಬಿದ್ದ ಎಂದು. ಹೊಗಳಿಯೇ ಹೇಳುತ್ತಿದ್ದರು. ಆದರೆ ಅದು ಮುಕ್ತಾಳ ಕಿವಿಗೆ ಬಿದ್ದಂದಿನಿಂದ ಅವಳು ಸರಿಯಾಗಿ ಉಣ್ಣಲಿಲ್ಲ. ಒಂದು ದಿನ ಅಪ್ಪನನ್ನು ನೇರವಾಗಿ ಕೇಳಿದಳು. ನಾನು ಬಿಟ್ಟುಕೊಡಲಿಲ್ಲ ಎಂದು ಅವರು ಹೇಳಿದರು. ಅವಳು ನಂಬಲಿಲ್ಲ. ಇಂಥದ್ದನ್ನು ಯಾವ ಅಪ್ಪ ಒಪ್ಪಿಕೊಳ್ಳುತ್ತಾನೆ? ನಿಜ ಹೇಳಬೇಕೆಂದರೆ ನಾನೂ ನಂಬಿರಲಿಲ್ಲ.

ಆದ್ದರಿಂದ ಇಬ್ಬರನ್ನೂ ಹಾರಾಟದ ಮನೆಗೆ ಕರೆದುಕೊಂಡು ಹೋದೆ. ಅವರನ್ನು ಪೈಲಟ್ಟಿನ ಕುರ್ಚಿಯಲ್ಲಿ ಕೂರಿಸಿ, ಏನೂ ಮಾಡಬೇಡಿ, ಸುಮ್ಮನೆ ಸ್ಟಿಕ್ಕನ್ನು ಹಿಡಿದುಕೊಳ್ಳಿ ಎಂದೆ. ಕೈಯ ಒತ್ತಡ ತೋರಿಸುವ ಚುಕ್ಕೆಯೊಂದು ಪರದೆಯ ಮೇಲಿರುತ್ತದೆ. ಹಗುರ ಕೈ ಹಿಡಿದರೆ ಅದು ನಡುವೆ ನಿಲ್ಲುತ್ತದೆ. ಅವರು ಹಿಡಿದರು. ಚುಕ್ಕೆ ನಡುವಿನಿಂದ ಜಾರಿ, ಒಂದು ಕಡೆ ಹೋಗಿ, ಅಲ್ಲೇ ನಡುಗುತ್ತಾ ನಿಂತಿತು. ಇನ್ನೂ ಹಗುರ ಹಿಡೀರಿ ಎಂದೆ. ಇದೇ ಹಗುರ ಎಂದರು. ಅವರ ಮುಖದಲ್ಲಿ ನಾಟಕವಿರಲಿಲ್ಲ. ಬೆವರುತ್ತಿದ್ದರು.

ಅವರ ಕೈಯನ್ನು ಸ್ಟಿಕ್ಕಿನಿಂದ ಬಿಡಿಸಿ ನನ್ನ ಕೈಗೆ ತೆಗೆದುಕೊಂಡೆ. ಬಂದಂದಿನಿಂದ ನಾನು ಅದನ್ನು ಮುಟ್ಟಿರಲಿಲ್ಲ. ಅಂಗೈ ತುಂಬ ಜಡ್ಡು. ಬೆರಳುಗಳು ದಪ್ಪವಾಗಿ, ಒಳಕ್ಕೆ ಬಾಗಿ, ಪೂರ್ತಿ ಬಿಚ್ಚಲು ಬರುತ್ತಿರಲಿಲ್ಲ. ಅದು ನಾನು ಬಲ್ಲ ಕೈ ಆಗಿರಲಿಲ್ಲ. ಮಗಳ ಕೈಗೆದುರಾಗಿ ಅವರ ಹಗುರ ಕೈಯನ್ನು ತೂಗಿ ನೋಡಿ, ನ್ಯಾಯವಾಗಿ ಹೇಳಿದೆನೆಂದು ಎಷ್ಟೋ ಸಂಕಟಪಟ್ಟಿದ್ದೆ. ಆ ಕೈ ಎಂದೋ ಇಲ್ಲವಾಗಿತ್ತು.

"ಅಲ್ಲಿ ಹಗ್ಗ ಹೊಸೀತಿದ್ದೆ," ಎಂದರು. "ದೋಣಿ ಹಗ್ಗ. ಸಡಿಲ ಬಿಟ್ರೆ ಎಳೆ ಬಿಚ್ಚಿಕೊಳ್ಳುತ್ತೆ. ನೀಲವ್ವ ಕಲಿಸಿದ್ದು." ಆಮೇಲೆ, "ಆ ಊರಿನೋರಿಗೆ ನಾನು ಮೊದಲಿನ ಚನ್ನವೀರ ಅಂತಲೇ ಲೆಕ್ಕ. ಹಾರಿಸೋಕೆ ಆಗಲ್ಲ ಅಂದೆ. ಮಗಳಿಗೆ ಹೆದರಿ ಹಾಗಂತಾನೆ ಅಂದ್ರು," ಎಂದರು.

ಮುಕ್ತಾ ಚುಕ್ಕೆಯನ್ನೂ ನೋಡಿದ್ದಳು, ಆ ಕೈಯನ್ನೂ ನೋಡಿದಳು. ಅಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತು ಅವರ ಮೊಣಕಾಲಿಗೆ ತಲೆ ಆನಿಸಿದಳು. ಅಂದಿನಿಂದ ಅವಳು ಉಣ್ಣತೊಡಗಿದಳು. ಮತ್ತೆಂದೂ ಪೈಲಟ್ ಕುರ್ಚಿಯಲ್ಲಿ ಕೂರುವುದಿಲ್ಲವೆಂದು ಹಾಲಪ್ಪನವರಿಗೆ ಹೇಳಿಬಂದಳು. ಅವರು ಒತ್ತಾಯಿಸಲಿಲ್ಲ.

ಮಳೆಗಾಲ ಕಳೆದ ಮೇಲೆ ಸೇತುವೆಯ ದೀಪಗಳ ಖರ್ಚು ಯಾರದೆಂದು ಸಣ್ಣದೊಂದು ತಕರಾರು ಎದ್ದಿತು. ಇಂಥ ಸಣ್ಣ ತಕರಾರುಗಳಿಗೆ ದೊಡ್ಡ ಪೈಲಟ್ಟುಗಳು ಕೂರುವುದಿಲ್ಲ, ತಮ್ಮ ಊರಿನ ಪರೀಕ್ಷಕರು ಒಪ್ಪಿದರೆ ಇಷ್ಟವಿದ್ದವರು ಯಾರಾದರೂ ಕೂರಬಹುದು. ಬಿದ್ದವರು ಹೊಳೆ ದಾಟುವುದು ಮಾತ್ರ ಅದರಲ್ಲೂ ತಪ್ಪುವುದಿಲ್ಲ. ಆಗೊಂದು ಸಂತೆಯ ದಿನ ನಾನು ಸೇತುವೆಯ ನಡುವೆ ಮೆಣಸಿನಕಾಯಿ ಆರಿಸುತ್ತಿದ್ದೆ. ಒಬ್ಬಳು ಬಂದು ಪಕ್ಕದಲ್ಲಿ ನಿಂತಳು. ನನಗಿಂತ ಚಿಕ್ಕವಳು, ಗಿಡ್ಡ, ಗಟ್ಟಿ ತೋಳು. ಯಾರೆಂದು ಹೇಳಬೇಕಾಗಿರಲಿಲ್ಲ. ಅವಳ ಬೆರಳುಗಳೂ ಹಾಗೇ ಒಳಕ್ಕೆ ಬಾಗಿದ್ದವು.

ಅವಳು ಜಗಳಕ್ಕೆ ಬಂದವಳಲ್ಲ, ಅಳುವುದಕ್ಕೂ ಅಲ್ಲ. ಅವರು ಹೇಗಿದ್ದಾರೆ ಎಂದು ಕೇಳಿದಳು. ಬೆನ್ನು ನೋವಿಗೆ ಏನು ಹಚ್ಚಬೇಕೆಂದು ಹೇಳಿದಳು. ಅವರಿಗೆ ಬೆನ್ನು ನೋವಿದೆ ಎಂಬುದೇ ನನಗೆ ತಿಳಿದಿರಲಿಲ್ಲ. ಆಮೇಲೆ, ದೀಪದ ತಕರಾರಿಗೆ ತಾನು ಕೂರುವುದಾಗಿ ಹೆಸರು ಕೊಟ್ಟಿರುವುದನ್ನೂ, ಸ್ಟಿಕ್ಕು ತೀರ ಬಿಗಿ ಹಿಡಿಯುತ್ತೀಯ, ವಿಮಾನ ನೆಟ್ಟಗೆ ನಿಲ್ಲುವುದಿಲ್ಲ ಎಂದು ತಮ್ಮ ಪರೀಕ್ಷಕರು ಎರಡು ಸಲ ವಾಪಸು ಕಳಿಸಿರುವುದನ್ನೂ ಹೇಳಿದಳು.

"ಇನ್ನೊಂದು ಸಲ ನೋಡ್ತೀವಿ ಅಂದವ್ರೆ," ಎಂದಳು. "ಅದರಲ್ಲೂ ಆಗದಿದ್ರೆ ಮುಗೀತು. ನಿಮ್ಮ ಮನೆಗೆ ಬರಲ್ಲ ಅಕ್ಕ. ಆ ದಡದಲ್ಲಿ ಎಲ್ಲಾದ್ರೂ ಹಗ್ಗ ಹೊಸ್ಕೊಂಡು ಇರ್ತೀನಿ. ಆಗಾಗ ಕಣ್ಣಿಗೆ ಬಿದ್ರೆ ಸಾಕು. ಕೂರೋ ಅಷ್ಟು ಕಲಿಸಿ. ಬೀಳೋದು ನಾನು ನೋಡ್ಕೋತೀನಿ."

ಆಗಲ್ಲ ಎನ್ನಬಹುದಿತ್ತು. ಅದು ನನ್ನ ಬಾಯಿಯವರೆಗೂ ಬಂದಿತ್ತು. ನಮ್ಮ ಮನೆಯ ಹೊಳೆ ಕಡೆಯ ಕಿಟಕಿ ಅಲ್ಲಿಂದ ಕಾಣುತ್ತಿತ್ತು, ಅದರೊಳಗೆ ಯಾರೂ ಕಾಣುತ್ತಿರಲಿಲ್ಲ. ಮೆಣಸಿನಕಾಯಿಯವಳು ತೂಗಿ ಕೊಡುತ್ತೇನೆಂದು ಎರಡು ಸಲ ಕರೆದಳು. ಇರು ಎಂದು ಹೇಳಿ ಚೀಲ ಕೆಳಗಿಟ್ಟೆ.

ನೀಲವ್ವನನ್ನು ಸೇತುವೆಯ ಕಟಕಟೆಯ ಬದಿಗೆ ಕರೆದುಕೊಂಡು ಹೋಗಿ, ನನ್ನ ಎರಡು ಬೆರಳುಗಳನ್ನು ಜೋಡಿಸಿ ಅವಳ ಬಲಗೈಯೊಳಗೆ ಇಟ್ಟೆ.

"ಇದೇ ಸ್ಟಿಕ್ಕು ಅಂದ್ಕೊ," ಎಂದೆ. "ನನಗೆ ನೋವಾಗದ ಹಾಗೆ ಹಿಡಿ."

ಅವಳು ಹಿಡಿದಳು. ನೋವಾಯಿತು, ಹೇಳಿದೆ. ಅವಳು ತುಟಿ ಕಚ್ಚಿಕೊಂಡು, ಕಣ್ಣು ಮುಚ್ಚಿ, ಮತ್ತೆ ಹಿಡಿದಳು.